ಕರೀ ಹುರುಳಿಗೆ ಮೂರು ಮೇಳ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬಾಯಿ ಜೋರು. ಮುಳ್ಳೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ರುದ್ರಸ್ವಾಮಿಯ ಹೆಂಡತಿ ಯಶೋದ ಬೀದಿಗೆ ಬರುವ ಮೊದಲು ಅವಳ ಬಾಯಿ ಬರುತ್ತದೆ ಎನ್ನುತ್ತಾರೆ. ಕರೆಂಟಿನ ಮೀಟರ್ ಓದಲು ಬರುವವನು ನಮ್ಮ ಮನೆಯಲ್ಲಿ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬರುತ್ತಾನೆ. ಇಪ್ಪತ್ತೆರಡು ವರ್ಷದಿಂದ ಬೈಸಿಕೊಂಡೂ ನನ್ನ ಯಜಮಾನರು ಸೊರಗಿಲ್ಲ, ಹೊಟ್ಟೆ ಬೇರೆ ಬಂದಿದೆ. ಇಂಥ ನಾನು ಈ ವರ್ಷ ದಸರಾ ಹೊತ್ತಿನಲ್ಲಿ ತಲೆ ಮೇಲೆ ಸೆರಗು ಹೊದ್ದು, ಯಾರ ಕಣ್ಣಿಗೂ ಬೀಳದ ಹಾಗೆ ಮೇಳದಿಂದ ಮೇಳಕ್ಕೆ ಅಲೆದೆ. ನಮ್ಮತ್ತೆಯ ಬಿತ್ತನೆ ಹುರುಳಿಯನ್ನು ಬೇಯಿಸಿ ನನ್ನ ತಮ್ಮನಿಗೆ ಕುಡಿಸಿಬಿಟ್ಟಿದ್ದೆ, ಅದಕ್ಕೆ.

ಅದು ಅಂಗಡಿಯಲ್ಲಿ ಸಿಗುವ ಕಂದು ಹುರುಳಿಯಲ್ಲ. ಕರೀ ಹುರುಳಿ. ಕಾಳು ಸಣ್ಣದು, ರುಚಿ ದೊಡ್ಡದು. ಅತ್ತೆ ದೊಡ್ಡಬಸಮ್ಮ ಮದುವೆಯಾಗಿ ಈ ಮನೆಗೆ ಬರುವಾಗ ಅವರವ್ವ ಮಡಿಲಿಗೆ ಹಾಕಿ ಕಳಿಸಿದ್ದಂತೆ. ಅರವತ್ತು ವರ್ಷದ ಮೇಲಾಯಿತು. ಪ್ರತಿ ವರ್ಷ ಚಿತ್ತೆ ಮಳೆಯ ಹದ ನೋಡಿ ಮನೆ ಹಿಂದಿನ ಹತ್ತು ಗುಂಟೆಗೆ ಅದನ್ನೇ ಎರಚುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಕಿತ್ತು, ಬಡಿದು, ಒಳ್ಳೆ ಕಾಳು ಆರಿಸಿ, ಬೂದಿ ಬೆರೆಸಿ, ಮಡಕೆಗೆ ತುಂಬಿ ಅಟ್ಟಕ್ಕೆ ಏರಿಸುತ್ತಾರೆ. ಉಳಿದದ್ದು ಯುಗಾದಿಯೊಳಗೆ ತಿಂದು ಮುಗಿಯುತ್ತದೆ, ಆಮೇಲೆ ತಿನ್ನಲು ಅಂಗಡಿಯಿಂದ ತರುವ ಕಂದು ಕಾಳಿನ ಮಡಕೆಗೂ ಬೂದಿಯೇ. ಆದರೆ ಬಿತ್ತನೆ ಮಡಕೆಯ ತಳಕ್ಕೆ ಮಾತ್ರ ಒಂದು ಅರಿಶಿನದ ಕೊಂಬು ಇಡುತ್ತಾರೆ. ಬಿತ್ತುವ ದಿನ ಮೊದಲ ಹಿಡಿ ಅತ್ತೆಯದು. ಅಲ್ಲಿಯವರೆಗೆ ಮಗನೂ ಆ ಕಾಳು ಮುಟ್ಟುವ ಹಾಗಿಲ್ಲ.

ನಾನು ಬಂದ ನಾಲ್ಕೈದು ವರ್ಷಕ್ಕೇ ಅತ್ತೆ ಮನೆಯನ್ನೆಲ್ಲ ನನ್ನ ಕೈಗೆ ಬಿಟ್ಟರು. ಬೀರುವಿನ ಬೀಗ, ಹಾಲು ಕರೆಯುವುದು, ಯಾರ ಮನೆಗೆ ಏನು ಮುಯ್ಯಿ ಎಂಬ ಲೆಕ್ಕಾಚಾರ, ಎಲ್ಲ. ಬಿಟ್ಟರೋ ನಾನೇ ಕಿತ್ತುಕೊಂಡೆನೋ, ಈಗ ಯೋಚಿಸಿದರೆ ನನಗೇ ಅನುಮಾನ. ಆ ಮಡಕೆ ಒಂದನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ, ನಾನೂ ಕೇಳಲಿಲ್ಲ.

ಈ ವರ್ಷ ಗೌರಿಹಬ್ಬ ಮುಗಿದ ಮಾರನೆ ದಿನ ಅತ್ತೆ ಹನೂರಿಗೆ, ಮಗಳು ಬಸವಮ್ಮನ ಮನೆಗೆ ಹೋದರು. ಸಾಮಾನ್ಯವಾಗಿ ಅಲ್ಲಿ ನಾಲ್ಕು ದಿನ ನಿಲ್ಲುವವರಲ್ಲ. ಈ ಸಲ, "ಚಿತ್ತೆ ಮಳೆಗೆ ಬತ್ತೀನಿ, ಅಲ್ಲೀಗಂಟ ಇತ್ತೀನಿ" ಎಂದು ಹೇಳಿ ಹೋದರು. ಇರಲಿ, ಮಗಳ ಮನೆ ತಾನೆ ಎಂದುಕೊಂಡೆ.

ಅವರು ಹೋದ ಹತ್ತು ದಿನಕ್ಕೆ ನನ್ನ ತಮ್ಮ ಶಾಂತಮೂರ್ತಿ ಸೊಂಟ ಹಿಡಿದುಕೊಂಡು ಬಂದ. ಕೊಳ್ಳೇಗಾಲದಲ್ಲಿ ರೇಷ್ಮೆಗೂಡಿನ ವ್ಯಾಪಾರ ಅವನದು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾರ್ಕೆಟ್ಟಿನಲ್ಲಿ ನಿಂತು ಕೂಗುತ್ತಾನೆ, ಒಂದು ಲೋಟ ನೀರು ಕುಡಿಯುವುದಿಲ್ಲ. ಕಿಡ್ನಿಯಲ್ಲಿ ಕಲ್ಲು. ಡಾಕ್ಟರು ಮಾತ್ರೆ ಕೊಟ್ಟು, ಚೆನ್ನಾಗಿ ನೀರು ಕುಡಿ ಎಂದಿದ್ದರಂತೆ.

"ಮಾತ್ರೆ ಇರ್ಲಿ, ಉಳ್ಳಿಕಟ್ಟು ಕುಡಿ. ಎಂಥ ಕಲ್ಲೂ ಕರುಗ್ತದೆ" ಎಂದೆ. ನಮ್ಮ ಕಡೆ ಹುರುಳಿಗೆ ಉಳ್ಳಿ ಎನ್ನುವುದು.

"ಏನಾರ ಕೊಡಕ್ಕ, ಮೊದ್ಲು ಕೊಡು" ಎಂದು ಜಗಲಿಯ ಮೇಲೆ ಮುದುರಿ ಬಿದ್ದುಕೊಂಡ. ಅವನು ಹುಟ್ಟಿದಾಗ ನನಗೆ ಏಳು ವರ್ಷ. ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ. ಅವನು ನರಳಿದರೆ ನನಗೆ ಕಣ್ಣು ಕಾಣುವುದಿಲ್ಲ.

ಕಾಣಲಿಲ್ಲ. ಅಟ್ಟ ಹತ್ತಿದೆ. ಅಲ್ಲಿ ಇಲಿ ಹಿಡಿಯುತ್ತೇನೆಂದು ನನ್ನ ಯಜಮಾನರು ಮಡಕೆಗಳನ್ನೆಲ್ಲ ಜರುಗಿಸಿ ಹೇಗೆಂದರೆ ಹಾಗೆ ಇಟ್ಟಿದ್ದರು. ಕೈಗೆ ಸಿಕ್ಕ ಮಡಕೆಯನ್ನು ಇಳಿಸಿದೆ. ಬಣ್ಣ ನೋಡಬಾರದಿತ್ತೇ ಎಂದು ಕೇಳಬೇಡಿ. ಬೂದಿ ಹಿಡಿದ ಕಾಳು ತೊಳೆದರೂ ಮಂಕಾಗಿಯೇ ಇರುತ್ತದೆ, ರಾತ್ರಿಯೆಲ್ಲ ನೆನೆದ ಮೇಲೆ ಎಲ್ಲ ಹುರುಳಿಯೂ ಒಂದೇ. ದಿನಕ್ಕೊಂದು ಸೇರು ಬೇಯಿಸಿ ಕಟ್ಟು ಬಸಿದು ತಮ್ಮನಿಗೆ ಕೊಟ್ಟೆ. ಬೆಂದ ಕಾಳಿಗೆ ಒಗ್ಗರಣೆ ಹಾಕಿ ಯಜಮಾನರಿಗೆ ಬಡಿಸಿದೆ. ಪಕ್ಕದ ಮನೆಗೂ ಒಂದು ಬಟ್ಟಲು ಹೋಯಿತು. ನಾಲ್ಕನೆಯ ದಿನ ತಳ ಬಾಚುವಾಗ ಬೆರಳಿಗೆ ಏನೋ ಗಟ್ಟಿಯಾಗಿ ಸಿಕ್ಕಿತು. ಬೂದಿ ಒರೆಸಿ ನೋಡಿದೆ. ಅರಿಶಿನದ ಕೊಂಬು.

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅದೇ ಹೊತ್ತಿಗೆ ಶಾಂತಮೂರ್ತಿ ಕುಣಿದುಕೊಂಡು ಒಳಗೆ ಬಂದ. "ಅಕ್ಕ, ಬಿತ್ತು ಕಣಕ್ಕ. ನೋಡಿಲ್ಲಿ" ಎಂದು ಪೇಪರಿನಲ್ಲಿ ಮಡಚಿಟ್ಟ ಕಲ್ಲನ್ನು ಬಿಚ್ಚಿ ತೋರಿಸಿದ. ಸಾಸಿವೆಯಷ್ಟೂ ಇರಲಿಲ್ಲ. ಆ ಸಾಸಿವೆಗೆ ಅರವತ್ತು ವರ್ಷದ ಬೀಜ ಹೋಗಿತ್ತು.

ಅತ್ತೆ ಬೈಯುವ ಹೆಂಗಸಾಗಿದ್ದರೆ ನಾನು ಹೆದರುತ್ತಿರಲಿಲ್ಲ, ಬೈಗುಳಕ್ಕೆ ಬೈಗುಳ ನನ್ನ ಹತ್ತಿರ ಬೇಕಾದಷ್ಟಿದೆ. ಅವರು ಬೈಯುವುದಿಲ್ಲ. ಸುಮ್ಮನಾಗಿಬಿಡುತ್ತಾರೆ. ಅವರ ತವರುಮನೆ ಈಗಿಲ್ಲ, ಒಡಹುಟ್ಟಿದವರು ಒಬ್ಬರೂ ಉಳಿದಿಲ್ಲ. ಅವರವ್ವನ ಕೈಯಿಂದ ಬಂದದ್ದು ಅಂತ ಇದ್ದದ್ದು ಆ ಕಾಳು ಮಾತ್ರ. ಚಿತ್ತೆ ಮಳೆಗೆ ಬಂದು ಅಟ್ಟ ಹತ್ತಿ ಖಾಲಿ ಮಡಕೆಗೆ ಕೈ ಹಾಕುತ್ತಾರಲ್ಲ ಎಂಬುದೇ ಕಣ್ಣ ಮುಂದೆ ಬರುತ್ತಿತ್ತು. ಚಿತ್ತೆಗೆ ಇಪ್ಪತ್ತು ದಿನವೂ ಉಳಿದಿರಲಿಲ್ಲ.

ಯಜಮಾನರಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, "ಅಂಗಡೀಲಿ ಸಿಗಲ್ವಾ?" ಎಂದರು. ಅವರಿಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾಗುವುದಿಲ್ಲ.

ಆಗ ನೆನಪಾದವಳು ಪವಿತ್ರ. ನಾದಿನಿ ಬಸವಮ್ಮನ ಮಗಳು. ಹನೂರಿನಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಬಿಲ್ ಹಾಕುವ ಕೆಲಸ. ಎಲ್ಲಿ ಕೃಷಿ ಮೇಳ, ಎಲ್ಲಿ ವಸ್ತುಪ್ರದರ್ಶನ ಎಂಬ ಪೋಸ್ಟರು, ಮೆಸೇಜು ಎಲ್ಲ ಮೊದಲು ಆ ಅಂಗಡಿಗೆ ಬರುತ್ತವೆ. ಫೋನ್ ಮಾಡಿದೆ.

"ಪವಿ, ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ದಸರಾದಲ್ಲಿ ಎಲ್ಲೆಲ್ಲಿ ಮೇಳ ಅದೆ ನೋಡಿ ಏಳವ್ವ. ಊರ ಬೀಜ ತರೋವಂತ ಮೇಳ."

"ಇದೇನತ್ತೆ, ನಿಮ್ಗೂ ಮೇಳದ ಉಚ್ಚು ಇಡೀತಾ?"

"ನಿಮ್ಗೂ ಅಂದ್ರೆ? ಇನ್ಯಾರ್ಗೆ ಇಡದದೆ?"

ಅವಳು ತಡಬಡಾಯಿಸಿ, "ಜನಕ್ಕೆ ಅಂದೆ ಕಣತ್ತೆ" ಎಂದಳು.

"ನಿಮ್ಮಜ್ಜಿ ಪಕ್ಕದಲ್ಲೇನಾರ ಅವ್ರಾ? ಅವ್ರ ಕಿವಿಗೆ ಇದು ಬೀಳ್ಬಾರ್ದು. ಕರೀ ಉಳ್ಳಿ ಬೇಕು ನಂಗೆ, ಬಿತ್ನೆದು. ಯಾಕೆ ಅಂತ ಕೇಳ್ಬ್ಯಾಡ."

ಆ ಹುಡುಗಿ ಕೆಮ್ಮಿದಳು. ಕೆಮ್ಮೋ ನಗುವೋ ಗೊತ್ತಾಗಲಿಲ್ಲ. "ಅಜ್ಜಿಗೆ ನಾ ಯಾಕೇಳ್ಲಿ ಬುಡಿ" ಎಂದು ಫೋನಿಟ್ಟು, ಸಂಜೆಯೊಳಗೆ ಮೂರು ಮೇಳದ ದಿನ, ಜಾಗ ಎಲ್ಲ ಬರೆದು ಕಳಿಸಿದಳು. ಬುದ್ಧಿವಂತೆ. ಕೆಳಗೆ ಒಂದು ಮಾತು ಸೇರಿಸಿದ್ದಳು: ಹನೂರಿಗೆ ಬರುವುದಾದರೆ ಎರಡನೆಯ ದಿನವೇ ಬನ್ನಿ, ಮೊದಲ ದಿನ ರಶ್ಶು.

ಮೊದಲನೆಯದು ಕೊಳ್ಳೇಗಾಲದ್ದು. ಶಾಂತಮೂರ್ತಿಯನ್ನು ಎಬ್ಬಿಸಿಕೊಂಡು ಅವನ ಸ್ಕೂಟರಿನಲ್ಲೇ ಹೋದೆ. ತಿಂದವನು ಅವನಲ್ಲವೇ, ಅಲೆಯಲಿ. ದೊಡ್ಡ ಮೈದಾನದ ತುಂಬ ಶಾಮಿಯಾನ. ಟ್ರ್ಯಾಕ್ಟರುಗಳಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಡ್ರಿಪ್ ಪೈಪು, ಹುಲ್ಲು ಕತ್ತರಿಸುವ ಮಿಷನ್ನು, ಹಿಪ್ಪುನೇರಳೆ ಸಸಿ, ಆಳೆತ್ತರದ ಮುಸುಕಿನಜೋಳ. ಬೀಜದ ಮಳಿಗೆಗಳು ಎಂಟೋ ಹತ್ತೋ ಇದ್ದವು, ಎಲ್ಲದರಲ್ಲೂ ಫಳಫಳ ಹೊಳೆಯುವ ಪೊಟ್ಟಣ. ಟೈ ಕಟ್ಟಿದ್ದ ಒಬ್ಬರನ್ನು ಕೇಳಿದೆ.

"ಸಾ, ಕರೀ ಉಳ್ಳಿ ಅದಾ?"

"ಹುರುಳಿಯಲ್ಲಿ ನಮ್ಮ ಹತ್ತಿರ ಹೊಸ ತಳಿ ಇದೆ ಅಮ್ಮಾ, ಇಳುವರಿ ದುಪ್ಪಟ್ಟು."

"ದುಪ್ಪಟ್ಟು ಬ್ಯಾಡ ಸಾ. ಇದ್ದಷ್ಟೇ ಬರ್ಲಿ, ಕರ್ರಗಿರ್ಲಿ."

ಅವರು ನನ್ನನ್ನೊಂದು ಥರ ನೋಡಿ ಮುಂದಿನವರ ಕಡೆ ತಿರುಗಿದರು. ಹಿಂದೆ ನೋಡುತ್ತೇನೆ, ತಮ್ಮ ಇಲ್ಲ. ಹುಡುಕಿದರೆ ಊಟದ ಸಾಲಿನಲ್ಲಿ ಮುದ್ದೆ, ಅವರೆಕಾಳಿನ ಸಾರು ಹಾಕಿಸಿಕೊಂಡು ನಿಂತಿದ್ದಾನೆ.

"ಲೇ ಶಾಂತ, ತಿನ್ನಕ್ಕೆ ಬಂದಿದ್ದೀಯೋ, ಉಡ್ಕಕ್ಕೆ ಬಂದಿದ್ದೀಯೋ?"

"ಉಡ್ಕಕ್ಕೂ ಶಕ್ತಿ ಬ್ಯಾಡ್ವಾ ಅಕ್ಕ?"

"ನಿನ್ನ ಶಕ್ತಿಗೆ ನಮ್ಮತ್ತೆ ಬೀಜ ಓಗದೆ, ಇನ್ನೂ ಸಾಲ್ದಾ?"

ಅವನು ಮುದ್ದೆ ನುಂಗುವುದನ್ನು ನಿಲ್ಲಿಸಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಯಿಗೆ ಬಂದದ್ದನ್ನು ಆಡಿ ಆಮೇಲೆ ಪೆಚ್ಚಾಗುವುದು ನನ್ನ ಹಣೆಬರಹ. ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿಸಿ ಪಕ್ಕದಲ್ಲೇ ನಿಂತೆ.

ಹನೂರಿನ ಸಿರಿಧಾನ್ಯ ಮೇಳಕ್ಕೆ ಎರಡನೆಯ ದಿನವೇ ಹೋದೆವು. ಊರೊಳಗೆ ಅತ್ತೆ ಇದ್ದಾರೆ, ಬಸವಮ್ಮನ ಮನೆ ಬಸ್ ಸ್ಟ್ಯಾಂಡಿನಿಂದ ಕೂಗಳತೆ. ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಸ್ಕೂಟರಿನ ಹಿಂದೆ ಕೂತೆ. ಶಾಂತಮೂರ್ತಿ ಹೆಲ್ಮೆಟ್ಟನ್ನು ಮೇಳದ ಒಳಗೂ ತೆಗೆಯಲಿಲ್ಲ, ನಮ್ಮನ್ನು ನೋಡಿ ಪೊಲೀಸಿನವನೊಬ್ಬ ಎರಡು ಸಲ ಹಿಂದೆ ಹಿಂದೆ ಬಂದ. ಅಲ್ಲಿ ನವಣೆ, ಸಾಮೆ, ಹಾರಕ ಎಲ್ಲ ಕಣ್ಣು ತುಂಬ ಇತ್ತು. ಕಾಡಂಚಿನ ಊರುಗಳಿಂದ ಬಂದ ಹೆಂಗಸರು ಮೊರದಲ್ಲಿ ಕಾಳು ಹರಡಿಕೊಂಡು ಕೂತಿದ್ದರು. ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಕೊನೆಗೆ ಒಬ್ಬರು, ಅರ್ಧ ತಮಿಳು ಅರ್ಧ ಕನ್ನಡದವರು, "ಕರೀ ಉಳ್ಳಿಯಾ? ಅದೇನು ಅದ್ಕೆ ಇಷ್ಟು ಗಿರಾಕಿ? ನೆನ್ನೆನೂ ಕೇಳ್ಕಂಡು ಬಂದಿದ್ರು" ಎಂದರು.

"ಯಾರು?" ನನಗೆ ಸಿಟ್ಟು ಬಂತು. ನನ್ನ ಹುರುಳಿಗೆ ಅಡ್ಡ ಬಂದವರು ಯಾರು ಎನ್ನುವ ಹಾಗೆ.

"ಯಾರೋ ಏನೋ ಕಣಮ್ಮ. ನನ್ತಾವ ಇಲ್ಲ. ಮಾದೇವಮ್ಮನ ತಾವ ಇರ್ತದೆ. ಅವ್ರು ಇಲ್ಲಿಗೆ ಬಂದಿಲ್ಲ, ಯಳಂದೂರು ಮೇಳಕ್ಕೆ ಬತ್ತಾರೆ."

ಇನ್ನೊಬ್ಬರೂ ಇದೇ ಮಾತು ಕೇಳಿಸಿಕೊಂಡು ಹೋಗಿರುತ್ತಾರೆ ಎಂಬ ಯೋಚನೆಯೇ ನನಗೆ ನಿದ್ದೆ ಕೆಡಿಸಿತು. ಪವಿತ್ರಳಿಗೆ ಫೋನ್ ಮಾಡಿ, ಯಳಂದೂರಿನಲ್ಲಿ ಮಳಿಗೆ ಎಷ್ಟು ಗಂಟೆಗೆ ತೆಗೆಯುತ್ತಾರೆ ವಿಚಾರಿಸು ಎಂದೆ. "ಹನ್ನೊಂದು ಗಂಟೆಗೆ ಬನ್ನಿ ಅತ್ತೆ, ಸರಿಯಾಗಿ ಹನ್ನೊಂದಕ್ಕೆ" ಎಂದಳು. ಅಜ್ಜಿ ಹೇಗಿದ್ದಾರೆ ಎಂದು ಕೇಳಿದೆ. "ಅವ್ರೆ" ಎಂದಳು. ಆಮೇಲೆ, "ಅತ್ತೆ, ಅಜ್ಜಿ ಮನೆಗೆ ಬಂದಾಗ ಬೈಬ್ಯಾಡಿ" ಎಂದಳು. ನಾನ್ಯಾಕೆ ಬೈಯಲಿ, ಬೈಸಿಕೊಳ್ಳಬೇಕಾದವಳು ನಾನು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ಯಳಂದೂರಿನ ಬೀಜ ಮೇಳ ಸಣ್ಣದು. ಒಂದು ಕಲ್ಯಾಣಮಂಟಪದ ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಚಾಪೆ ಹಾಸಿಕೊಂಡು ಕೂತಿದ್ದರು, ಅಷ್ಟೆ. ಮೈಕು ಇಲ್ಲ, ಭಾಷಣ ಇಲ್ಲ. ಸೋರೆ ಬುರುಡೆಯಲ್ಲಿ, ಬಾಟಲಿಯಲ್ಲಿ, ಹಳೇ ಹಾರ್ಲಿಕ್ಸ್ ಡಬ್ಬಿಯಲ್ಲಿ ಬೀಜ. ಅದರ ನಡುವೆ ನಡೆಯುವಾಗ ನನಗೆ ಯಾಕೋ ಅಳು ಬಂದಂತಾಯಿತು. ಎಲ್ಲರ ಮನೆಯಲ್ಲೂ ಒಬ್ಬೊಬ್ಬರು ಇವನ್ನೆಲ್ಲ ಬೇಯಿಸದೆ ಉಳಿಸಿದ್ದಾರಲ್ಲ.

ಮಾದೇವಮ್ಮನನ್ನು ಹುಡುಕುವುದು ಕಷ್ಟವಾಗಲಿಲ್ಲ. ಐವತ್ತರ ಸುಮಾರಿನ ಹೆಂಗಸು, ಕಿವಿಯಲ್ಲಿ ದೊಡ್ಡ ಓಲೆ, ಮುಂದೆ ಆರೇಳು ಮೊರ. ಒಂದು ಮೊರದ ಮೂಲೆಯಲ್ಲಿ ಬೂದಿಯ ನಡುವೆ ನಾಲ್ಕೇ ನಾಲ್ಕು ಕಾಳು. ಕರ್ರಗೆ. ನಾನು ಬಗ್ಗಿ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡೆ. ಅದೇ. ಸಂಶಯವಿಲ್ಲ.

"ಇದೇ ಕಣಕ್ಕ ನಂಗೆ ಬೇಕಾದ್ದು. ಎಷ್ಟಾದ್ರೂ ಆಗ್ಲಿ, ನಾಕು ಸೇರು ಕೊಡಿ."

"ಬಿತ್ನೆ ಮಾರಕಿಲ್ಲ ಕಣವ್ವ ನಾವು. ಬಿತ್ತೋರು ಬಂದು ಸೆರಗು ಒಡ್ಡುದ್ರೆ ಮಡ್ಲಿಗೆ ಆಕ್ತೀವಿ. ಬೆಳುದ್ರೆ ಇನ್ನೊಬ್ರ ಮಡ್ಲಿಗೆ ಅವ್ರು ಆಕ್ಬೇಕು. ಅಷ್ಟೇಯ."

ನಾನು ಸೆರಗು ಒಡ್ಡಿದೆ. ಮಾದೇವಮ್ಮ ನಕ್ಕರು. "ಒಂದರ್ಧ ಗಂಟೆ ಮುಂಚೆ ಬರ್ಬಾರ್ದಿತ್ತಾ? ಒಬ್ಬ ಅಜ್ಜಿ ಬಂದ್ರು. ಎಂಗೆ ಬಿತ್ತೀರಿ, ಯಾವ ಮಳೇಗೆ ಬಿತ್ತೀರಿ ಅಂತ ಕೇಳ್ದೆ. ಏನ್ ಚೆಂದಾಗಿ ಏಳುದ್ರು ಅಂತೀರಿ. ಇದ್ದುದ್ನೆಲ್ಲ ಅವ್ರ ಮಡ್ಲಿಗೆ ಸುರುದ್ಬುಟ್ಟೆ."

ಒಡ್ಡಿದ ಸೆರಗನ್ನು ಹಾಗೇ ಹಿಡಿದುಕೊಂಡು ನಿಂತೆ. ಶಾಂತಮೂರ್ತಿ ನನ್ನ ಮುಖ ನೋಡಿ, "ಕೂತ್ಕೊ ಅಕ್ಕ" ಎಂದ.

"ಅಂಗ್ಯಾಕಾಡ್ತೀರಿ, ಅವ್ರಿನ್ನೂ ಇಲ್ಲೇ ಅವ್ರೆ" ಎಂದು ಮಾದೇವಮ್ಮ ಅಂಗಳದ ಆಚೆ ಕೈ ತೋರಿಸಿದರು. "ಅಗೋ, ಆ ಉಣಸೆಮರದಡೀಲಿ. ಓಗಿ ಕೇಳ್ನೋಡಿ. ಒಳ್ಳೆ ಮನ್ಸರು, ಒಂದು ಬೊಗಸೆ ಕೊಟ್ಟಾರು. ಒಂದು ಬೊಗಸೆ ಇದ್ರೆ ಮೂರು ವರ್ಸಕ್ಕೆ ಮಡಕೆ ತುಂಬ್ತದೆ."

ಕೈ ಮುಗಿಯುವುದೋ ಕಾಲಿಗೇ ಬೀಳುವುದೋ ಎಂದು ಯೋಚಿಸುತ್ತ ಮರದ ಕಡೆ ನಡೆದೆ. ಅಜ್ಜಿ ಆ ಕಡೆ ಮುಖ ಮಾಡಿ ಕೂತಿದ್ದರು. ಬಿಳೀ ತಲೆ, ಸಣ್ಣ ತುರುಬು, ಗಿಣಿಹಸಿರು ಸೀರೆ. ಆ ಸೀರೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದುಕೊಂಡು ಇನ್ನೂ ನಾಲ್ಕು ಹೆಜ್ಜೆ ಇಟ್ಟೆ. ಎಲ್ಲೋ ಏನು, ಹೋದ ಯುಗಾದಿಗೆ ನಾನೇ ಕೊಳ್ಳೇಗಾಲದಲ್ಲಿ ಗಂಟೆಗಟ್ಟಲೆ ಚೌಕಾಸಿ ಮಾಡಿ ತಂದ ಸೀರೆ.

ಪಕ್ಕದಲ್ಲಿ ಪವಿತ್ರ ಚುರುಮುರಿ ತಿನ್ನುತ್ತಿದ್ದಳು. ನನ್ನನ್ನು ನೋಡಿ ಗಡಿಯಾರ ನೋಡಿಕೊಂಡಳು. "ಹನ್ನೊಂದು ಅಂದಿದ್ದೆ. ಹನ್ನೊಂದು ಕಾಲಾಯ್ತು" ಎಂದಳು.

"ಅಕ್ಕ, ಓಡಾಣ್ವಾ?" ಎಂದು ನನ್ನ ಬೆನ್ನ ಹಿಂದಿನಿಂದ ತಮ್ಮ ಪಿಸುಗುಟ್ಟಿದ.

ಅತ್ತೆ ತಿರುಗಿದರು. ನನ್ನನ್ನು ನೋಡಿದವರೇ ಸೆರಗಿನ ಗಂಟನ್ನು ತೊಡೆಯ ಕೆಳಗೆ ಸರಿಸಿಕೊಂಡರು.

"ನೀನಾ? ಇಲ್ಯಾಕೆ ಬಂದೆ ಯಶೋದ?"

"ಮೇಳ ನೋಡಕ್ಕೆ. ನೀವು?"

"ನಾನೂವೆ. ಮೇಳ ನೋಡಕ್ಕೆ."

"ಚೆನ್ನಾಗದಾ?"

"ಊಂ, ಪರವಾಗಿಲ್ಲ."

"ಸಾಕು ಬುಡಿ ಇಬ್ರೂವೆ" ಎಂದಳು ಪವಿತ್ರ. ಚುರುಮುರಿ ಪೊಟ್ಟಣ ಮಡಚಿ ಶಾಂತಮೂರ್ತಿಯ ಕೈಗೆ ಕೊಟ್ಟಳು. "ಯಶೋದತ್ತೆಗೆ ಏಳ್ಬ್ಯಾಡ ಅಂತ ಅಜ್ಜಿ, ಅಜ್ಜಿಗೆ ಏಳ್ಬ್ಯಾಡ ಅಂತ ಯಶೋದತ್ತೆ. ಹನೂರಲ್ಲಿ ಒಬ್ರನ್ನ ಮೊದಲ್ನೇ ದಿನ ಕಳ್ಸಿ, ಇನ್ನೊಬ್ರನ್ನ ಎರಡ್ನೇ ದಿನ ಕಳ್ಸಿ, ನಂಗೆ ಸಾಕಾಗೋಗದೆ. ಯಾರು ಮೊದ್ಲು ಬಾಯ್ಬುಡ್ತೀರೋ ಬುಡಿ."

ಬಾಯಿ ಬಿಡುವುದು ನನಗೆ ಕಷ್ಟವೇ? ಅವರೆದುರು ನೆಲದ ಮೇಲೆ ಕೂತು ಒಂದೇ ಉಸಿರಿಗೆ ಹೇಳಿಬಿಟ್ಟೆ. ತಮ್ಮನ ಕಲ್ಲು, ಅಟ್ಟ, ಇಲಿ, ಮಡಕೆ, ನಾಲ್ಕು ದಿನದ ಕಟ್ಟು, ಅರಿಶಿನದ ಕೊಂಬು. "ನಿಮ್ಮವ್ವ ಕೊಟ್ಟ ಕಾಳ್ನ ನಾ ಬೇಯಿಸ್ಬುಟ್ಟೆ ಅತ್ತೆ. ನಂಗೆ ಏನ್ ಬೇಕಾದ್ರೂ ಅನ್ನಿ, ಸುಮ್ನೆ ಮಾತ್ರ ಇರ್ಬ್ಯಾಡಿ" ಎಂದೆ. ಅಷ್ಟು ಹೊತ್ತಿಗೆ ನನ್ನ ಮೂಗು, ಕಣ್ಣು ಎಲ್ಲ ಸೋರುತ್ತಿತ್ತು.

ಅತ್ತೆ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು, "ಮಡಕೇಲಿದ್ದುದ್ನ ಬೇಯಿಸ್ದ್ಯಾ?"

"ಊಂ."

"ಅದು ಅಂಗಡಿ ಉಳ್ಳಿ ಕಣವ್ವ."

ನನಗೆ ಅರ್ಥವಾಗಲಿಲ್ಲ. ಶಾಂತಮೂರ್ತಿಯ ಚುರುಮುರಿ ಬಾಯಲ್ಲೇ ಉಳಿಯಿತು.

"ಆಸಾಡದಲ್ಲಿ ಬಿಸ್ಲಿಗೆ ಆಕಣ ಅಂತ ಮಾಳಿಗೆ ಮೇಲೆ ಅರವಿದ್ದೆ. ಅರವಿದ್ದು ಮರ್ತೋಯ್ತು. ಎಲ್ಲಿಟ್ಟೆ, ಏನಿಟ್ಟೆ, ಒಂದೂ ಗೆಪ್ತಿಗೆ ಬರ್ನಿಲ್ಲ. ಮೂರು ದಿನ ಮಳೆ ಉಯ್ತು. ಆಮ್ಯಾಕೆ ಓಗಿ ನೋಡುದ್ರೆ ಎಲ್ಲ ಮೊಳಕೆ ಬಂದು ಕೊಳ್ತೋಗಿತ್ತು. ಅಸೀಗೆ ಆಕ್ಬುಟ್ಟೆ." ಹಸುವಿಗೆ ಹಾಕಿದೆ ಎನ್ನುವಾಗ ಅವರು ನನ್ನ ಕಡೆ ನೋಡಲಿಲ್ಲ. "ಅಂಗಡಿಂದ ನಾಕು ಸೇರು ತರ್ಸಿ, ಬೂದಿ ಬೆರ್ಸಿ, ಅದೇ ಮಡಕೆಗೆ ತುಂಬ್ದೆ. ಕೊಂಬು ತಳ್ದಲ್ಲೇ ಇತ್ತು. ಆನೂರ್ ಕಡೆ ಕಾಡಂಚ್ನೋರ ತಾವ ಕರೀದು ಸಿಕ್ತದೆ, ಚಿತ್ತೆ ಒಳ್ಗೆ ತಂದು ತುಂಬುದ್ರೆ ಆಯ್ತು, ನಿಂಗೆ ತಿಳ್ಯಕಿಲ್ಲ ಅಂತ ಬಸ್ವಿ ಮನೆಗೆ ಓದೆ."

"ನಂಗ್ಯಾಕೆ ಏಳ್ನಿಲ್ಲ ಅತ್ತೆ?"

ಅವರು ಸೆರಗಿನ ಗಂಟನ್ನು ಬೆರಳಿನಲ್ಲಿ ಸವರುತ್ತ ಕೂತರು. "ನಿಂಗೆ ಎದ್ರಕಂಡು" ಎಂದರು.

ಮೀಟರ್ ಓದುವವನು ಹೆದರಿದರೆ ನನಗೆ ಖುಷಿ. ಊರು ಹೆದರಿದರೂ ಖುಷಿಯೇ. ಆದರೆ ಎಂಬತ್ತು ಸಮೀಪಿಸಿದ ಈ ಜೀವ ನನಗೆ ಹೆದರಿ, ಮಗಳ ಊರಿನಲ್ಲಿ ಮೊರದಿಂದ ಮೊರಕ್ಕೆ ಕಾಳು ಬೇಡಿಕೊಂಡು ತಿರುಗಿತ್ತು. ನನಗೆ ನಾಚಿಕೆಯಾಯಿತು. ಸುಮ್ಮನೆ ಹೇಳುವ ಮಾತಲ್ಲ, ಆ ಹುಣಸೆಮರದಡಿ ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡುತ್ತಿದ್ದೆ.

"ನೀ ಬೈತೀಯ ಅಂತಲ್ಲ" ಎಂದರು ಅತ್ತೆ. "ಬೈದ್ರೆ ಬೈಲಿ. ಮನೇಲಿ ಆ ಮಡಕೆ ಒಂದು ನನ್ದು ಅಂತ ಅದೆ. ಈ ಮುದ್ಕಿ ಕೈಲಿ ಇದೂ ಆಗಕಿಲ್ಲ ಅಂತ ನೀ ಅದ್ನೂ ತಕಬುಟ್ರೆ ನಾ ಏನ್ ಮಾಡ್ಲಿ ಆ ಮನೇಲಿ, ಅಂತ."

ನನ್ನ ಬಾಯಿ ಹೀಗೆ ಕೈಕೊಟ್ಟದ್ದು ಅದೇ ಮೊದಲು. ಅತ್ತೆ ಗಂಟು ಬಿಚ್ಚಿದರು. ಮೂರು ಬೊಗಸೆಯಷ್ಟು ಕಾಳು ಇತ್ತು, ಬೂದಿ ಉದುರಿ ಅಲ್ಲಲ್ಲಿ ಕಪ್ಪು ಮಿಂಚುತ್ತಿತ್ತು. ಸೆರಗನ್ನು ನನ್ನ ಕಡೆ ಚಾಚಿದರು.

"ತಕೊ. ಇನ್ಮ್ಯಾಕೆ ನೀನೇ ಮಡೀಕೊ. ನಂಗೆ ಮರ್ತೋಯ್ತದೆ."

ಇಪ್ಪತ್ತೆರಡು ವರ್ಷದಲ್ಲಿ ಯಾವುದನ್ನು ಕೊಟ್ಟಾಗಲೂ ನಾನು ಬೇಡ ಎಂದದ್ದಿಲ್ಲ. ಈ ಸಲ ಅವರ ಸೆರಗನ್ನು ಒಟ್ಟುಮಾಡಿ ಮತ್ತೆ ಗಂಟು ಹಾಕಿದೆ, ಎರಡು ಸುತ್ತು ಬಿಗಿಯಾಗಿ. "ಮಾದೇವಮ್ಮ ನಿಮ್ಮ ಮಡ್ಲಿಗೆ ಆಕವ್ರೆ, ನನ್ನ ಮಡ್ಲಿಗಲ್ಲ. ಮಡೀಕಳೋದು ನೀವೇ, ಬಿತ್ತೋದು ನೀವೇ. ಮರ್ತ್ರೆ ನಾ ಗೆಪ್ತಿ ಮಾಡ್ತೀನಿ. ಬಾಯಿರೋದು ಇನ್ಯಾಕೆ ನಂಗೆ?" ಎಂದೆ.

ಅತ್ತೆ ನಕ್ಕರು. ಶಾಂತಮೂರ್ತಿಯನ್ನು ಕರೆದು, "ಅಂಗಡಿ ಉಳ್ಳೀಗೇ ಕಲ್ಲು ಬಿತ್ತಾ ಮಗ?" ಎಂದು ಕೇಳಿದರು. ಅವನು ಜೇಬಿನಿಂದ ಪೇಪರಿನ ಪೊಟ್ಟಣ ತೆಗೆದ. ಆ ದರಿದ್ರ ಇನ್ನೂ ಅದನ್ನು ಇಟ್ಟುಕೊಂಡು ತಿರುಗುತ್ತಿದ್ದ. ಅತ್ತೆ ಕನ್ನಡಕ ಹಾಕಿಕೊಂಡು ಶ್ರದ್ಧೆಯಿಂದ ನೋಡಿದರು.

ಮಧ್ಯಾಹ್ನ ಅಲ್ಲೇ ಊಟ ಮಾಡಿದೆವು. ಮಾದೇವಮ್ಮನಿಗೆ ಸಂಗತಿ ತಿಳಿಸಿ ಬೈಸಿಕೊಂಡೆವು. ತಮ್ಮ ಸ್ಕೂಟರಿನಲ್ಲಿ ಹೋದ, ನಾವು ಮೂವರು ಕೊಳ್ಳೇಗಾಲದ ಬಸ್ಸು ಹತ್ತಿದೆವು. ಪವಿತ್ರ ಅಲ್ಲಿಂದ ಹನೂರಿಗೆ, ಅತ್ತೆ ನನ್ನ ಜೊತೆ ಮುಳ್ಳೂರಿಗೆ ಎಂದು ಮಾತಾಯಿತು. ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿ ನಾನು ಮಧ್ಯ ಕೂತೆ. ಹೊಲಗಳ ಮೇಲೆ ಮೋಡ ಕಟ್ಟುತ್ತಿತ್ತು, ಚಿತ್ತೆ ಈ ಸಲ ಮೋಸ ಮಾಡುವುದಿಲ್ಲ ಎಂದು ಅತ್ತೆ ಹೇಳಿದರು.

ಬಸ್ಸು ಊರು ದಾಟಿ ಸ್ವಲ್ಪ ಹೊತ್ತಾಗಿರಬೇಕು. "ಯಶೋದ, ಕಾಳು ತಕಂಡ್ಯಾ?" ಎಂದರು.

"ನಿಮ್ಮ ಸೆರಗಲ್ಲೇ ಅದಲ್ಲ ಅತ್ತೆ."

"ಊಂ, ಅವ್ದು" ಎಂದು ಗಂಟು ಮುಟ್ಟಿ ನೋಡಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ, "ಕಾಳು ಎಲ್ಲವ್ವ? ಮರದಡೀಲೇ ಬುಟ್ಬಂದ್ವಾ?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಕಣ್ಣಿನಲ್ಲಿ ಗಾಬರಿ ಇತ್ತು, ನಿಜವಾದ ಗಾಬರಿ. ಗಂಟು ತೋರಿಸಿದೆ. ಸಮಾಧಾನವಾಯಿತು. ಮೂರನೆಯ ಸಲ ಕೇಳಿದಾಗ ನಾನು ಪವಿತ್ರಳ ಕಡೆ ತಿರುಗಿದೆ. ಅವಳು ಮೊದಲೇ ನನ್ನನ್ನು ನೋಡುತ್ತಿದ್ದಳು.

"ಒಂದು ತಿಂಗ್ಳಿಂದ ಇಂಗೇ ಅತ್ತೆ" ಎಂದಳು ಮೆಲ್ಲಗೆ. "ಅದ್ಕೇ ಈ ಸಲ ನಿಮ್ಮಿಬ್ರನ್ನೂ ಒಟ್ಗೆ ಬರಾಂಗೆ ಮಾಡ್ದೆ. ಫೋನಲ್ಲಿ ಏಳೋ ಮಾತಲ್ಲ."

ಬೈಬ್ಯಾಡಿ ಎಂದು ಅವಳು ಹೇಳಿದ್ದು ಯಾಕೆಂದು ಆಗ ತಿಳಿಯಿತು. ನಾನು ಅತ್ತೆಯನ್ನು ನೋಡಿದೆ. ಕಿಟಕಿಯ ಗಾಳಿಗೆ ಬಿಳೀ ಕೂದಲು ಮುಖದ ಮೇಲೆ ಹಾರುತ್ತಿತ್ತು. ಮಳೆ ಯಾವುದು, ಹದ ಯಾವುದು, ಕಾಳನ್ನು ಎಷ್ಟು ತೆಳುವಾಗಿ ಎರಚಬೇಕು ಎಂಬುದೆಲ್ಲ ಆ ತಲೆಯಲ್ಲಿ ಇತ್ತು. ಅವತ್ತು ಬೆಳಿಗ್ಗೆ ನಾನು ಹಾಕಿದ ಗಂಟು ಮಾತ್ರ ಇರಲಿಲ್ಲ.

"ಯಶೋದ," ನಾಲ್ಕನೆಯ ಸಲ, ಈಗ ಸ್ವರ ಸಣ್ಣದಾಗಿತ್ತು, "ಬೈಬ್ಯಾಡ ಕಣವ್ವ. ಕಾಳು ಎಲ್ಲೋ ಕಳ್ದಾಕ್ಬುಟ್ಟೆ."

ಅವರ ಕೈ ಹಿಡಿದು ಸೆರಗಿನ ಗಂಟಿನ ಮೇಲೆ ಇಟ್ಟು, ಅದರ ಮೇಲೆ ನನ್ನ ಕೈ ಇಟ್ಟುಕೊಂಡೆ. "ಇಲ್ಲೇ ಅದೆ ಅತ್ತೆ. ನಿಮ್ಮ ಕೈಲೇ ಅದೆ. ನೂರು ಸಲ ಕೇಳಿ, ನಾ ಏಳ್ತೀನಿ."

ಕೊಳ್ಳೇಗಾಲ ಬರುವಷ್ಟರಲ್ಲಿ ಅವರು ಇನ್ನೂ ಎರಡು ಸಲ ಕೇಳಿದರು. ಎರಡು ಸಲವೂ ಹೇಳಿದೆ.